ಕಾಗದ ಹರಿಯುವ ಕೈಗೆ ಸ್ಪ್ಯಾನಿಷ್ ಮಾತು: ಶಿಶುತರಗತಿಯ ಶಿಕ್ಷಕರಿಗೊಂದು ಮಾರ್ಗದರ್ಶಿ

ಅಮೆರಿಕದ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮೊದಲಾದ ರಾಜ್ಯಗಳ ಪ್ರೀಸ್ಕೂಲ್‌ಗಳಲ್ಲಿ, ಮೂರರಿಂದ ಐದು ವರ್ಷದವರ ಕೋಣೆಯಲ್ಲಿ, ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಮಕ್ಕಳು ಇರುವುದು ತೀರ ಸಾಮಾನ್ಯ. 2020ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದ) ಸಮುದಾಯದವರು ಸುಮಾರು 6.2 ಕೋಟಿ, ಇಂಗ್ಲಿಷನ್ನು ಬಿಟ್ಟರೆ ಅಲ್ಲಿನ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಭಾಷೆ ಸ್ಪ್ಯಾನಿಷ್. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ತಡೆದಿದ್ದ 1998ರ ‘ಪ್ರಪೊಸಿಷನ್ 227’ ಎಂಬ ಜನಮತದ ಕಾನೂನಿನ ನಿಯಮಗಳನ್ನು 2016ರಲ್ಲಿ ಮತದಾರರೇ ‘ಪ್ರಪೊಸಿಷನ್ 58’ರ ಮೂಲಕ ಸಡಿಲಿಸಿದ ಮೇಲೆ, ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯನ್ನೂ ಬೆಳೆಸುವ ತರಗತಿಗಳಿಗೆ ಹಾದಿ ಸುಗಮವಾಯಿತು. ಇಂಥ ಕೋಣೆಗಳಲ್ಲಿ ಶಿಕ್ಷಕಿಯರಾಗಿ, ಸಹಾಯಕರಾಗಿ, ಆಗಾಗ ಬಂದು ಕೈಜೋಡಿಸುವ ಪೋಷಕರಾಗಿ ಕನ್ನಡಿಗರೂ ಇದ್ದಾರೆ. ಸ್ಪ್ಯಾನಿಷ್ ಅಲ್ಪಸ್ವಲ್ಪ ಬರುತ್ತದೆ, ಆದರೆ ಪಾಠ ಮಾಡುವಷ್ಟು ಬಾರದು ಎಂಬ ಸಂಕೋಚದಿಂದ ಅವರಲ್ಲಿ ಹಲವರು ಆ ಭಾಷೆಯನ್ನು ಹಾಡಿನ ಸಮಯಕ್ಕೆ ಸೀಮಿತಗೊಳಿಸಿಬಿಡುತ್ತಾರೆ. ಕಾಗದದಂಥ ಅಗ್ಗದ ವಸ್ತುವನ್ನು ಮುಂದಿಟ್ಟುಕೊಂಡು, ಇಪ್ಪತ್ತು ಮೂವತ್ತು ಮಾತುಗಳಷ್ಟೇ ತಿಳಿದಿದ್ದರೂ, ಆ ಭಾಷೆಯನ್ನು ಮಕ್ಕಳ ಕೈಗೆಲಸದೊಳಕ್ಕೆ ತರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪುಟ್ಟ ಮಕ್ಕಳಿಗೆ ಹೊಸ ಭಾಷೆಯೆಂದರೆ ಬಣ್ಣಗಳ ಹೆಸರು, ಒಂದರಿಂದ ಹತ್ತು, ಹಣ್ಣು ಮತ್ತು ಪ್ರಾಣಿಗಳ ಹೆಸರು ಎಂದು ಶುರುಮಾಡುವುದು ರೂಢಿ. ಇದರಲ್ಲಿ ತಪ್ಪೇನಿಲ್ಲ, ಆದರೆ ಚಿತ್ರ ತೋರಿಸಿ ಹೆಸರು ಹೇಳಿಸಿದ್ದು ಗಿಳಿಪಾಠವಾಗಿಯೇ ಉಳಿಯುವ ಸಂಭವ ಹೆಚ್ಚು. ಕಾಗದವನ್ನು ಆರಿಸಿಕೊಳ್ಳುವುದರ ಲಾಭವಿರುವುದು ಅದರ ಹೆಸರಿನಲ್ಲಲ್ಲ, ಅದರಿಂದ ಮಾಡಬಹುದಾದ ಕೆಲಸಗಳಲ್ಲಿ. ಹರಿಯಬಹುದು, ಮುದುಡಬಹುದು, ಮಡಚಬಹುದು, ಸುತ್ತಬಹುದು, ನೆನೆಸಬಹುದು, ಅಂಟಿಸಬಹುದು. ಈ ಒಂದೊಂದು ಕೆಲಸಕ್ಕೂ ಒಂದು ಕ್ರಿಯಾಪದವಿದೆ, ಮತ್ತು ಮಗು ಆ ಕೆಲಸ ಮಾಡುತ್ತಿರುವ ಕ್ಷಣದಲ್ಲೇ ಆ ಪದ ಅದರ ಕಿವಿಗೆ ಬಿದ್ದರೆ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ಬೋಧನಾ ಕ್ರಮವೂ ಇದೇ ತಳಹದಿಯದು: ಕಲಿಯುವವರು ಮೊದಲು ಸೂಚನೆಯನ್ನು ಕೇಳಿ ಮೈಯಿಂದ ಉತ್ತರಿಸುತ್ತಾರೆ, ಬಾಯಿಂದ ಉತ್ತರಿಸುವುದು ಆಮೇಲೆ ಬರುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಕ್ರಿಯಾಪದಗಳು ಮುಂದಿರಲಿ, ನಾಮಪದಗಳು ಹಿಂದೆ ಬರಲಿ.

ಕಾಗದಕ್ಕೆ ಶಿಶುಶಿಕ್ಷಣದಲ್ಲಿ ಹಳೆಯ ಸ್ಥಾನವೇ ಇದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ ತನ್ನ ಸಂಸ್ಥೆಯನ್ನು ಆರಂಭಿಸಿದ, ಕಿಂಡರ್‌ಗಾರ್ಟನ್ ಪದ್ಧತಿಯ ಜನಕ ಫ್ರೀಡ್ರಿಖ್ ಫ್ರೋಬೆಲ್ ಕಾಗದ ಮಡಚುವುದು, ಕತ್ತರಿಸುವುದು, ಪಟ್ಟಿಗಳನ್ನು ಹೆಣೆಯುವುದು ಇವನ್ನೆಲ್ಲ ಮಕ್ಕಳ ನಿತ್ಯದ ಕೆಲಸಗಳಲ್ಲಿ ಸೇರಿಸಿದ್ದನು. ಇಟಲಿಯ ರೆಜ್ಜೊ ಎಮಿಲಿಯಾ ನಗರದಲ್ಲಿ ಲೋರಿಸ್ ಮಲಗುಜ್ಜಿಯವರು ಬೆಳೆಸಿದ ಶಾಲೆಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ವಸ್ತುವಿನಿಂದ ಏನನ್ನು ತಯಾರಿಸಬೇಕು ಎಂದು ಹೇಳುವುದಕ್ಕೆ ಮೊದಲು ಆ ವಸ್ತುವಿನೊಡನೆ ಮಕ್ಕಳು ಸಾಕಷ್ಟು ಹೊತ್ತು ಒಡನಾಡಲು ಬಿಡುವ ಪದ್ಧತಿ ಬಂದಿತು. ನಮಗೆ ಬೇಕಾದದ್ದು ಈ ಎರಡನೆಯದು. ಗೋಡೆಗೆ ಅಂಟಿಸಲು ಇಪ್ಪತ್ತು ಒಂದೇ ತರಹದ ಕಾಗದದ ಚಿಟ್ಟೆಗಳು ಬೇಕೆಂದು ಹೊರಟರೆ ಶಿಕ್ಷಕರ ಮಾತೆಲ್ಲ ‘ಹಾಗಲ್ಲ, ಹೀಗೆ’ ಎಂಬುದರಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಯಾವ ಭಾಷೆಗೂ ಎಡೆಯಿರುವುದಿಲ್ಲ.

ಕಾಗದದ ಆಯ್ಕೆ

ಒಂದಕ್ಕೊಂದು ಸ್ಪಷ್ಟವಾಗಿ ಬೇರೆಯಾಗಿರುವ ಆರೇಳು ಬಗೆಯ ಕಾಗದ ಸಾಕು. ಸುದ್ದಿಪತ್ರಿಕೆ, ಗಾಳಿಪಟಕ್ಕೆ ಬಳಸುವಂಥ ತೆಳ್ಳನೆಯ ಟಿಶ್ಯೂ ಕಾಗದ, ಒಂದು ಕಡೆಗೆ ಮಾತ್ರ ಹಿಗ್ಗುವ ಕ್ರೇಪ್ ಕಾಗದ, ದಪ್ಪನೆಯ ಡ್ರಾಯಿಂಗ್ ಹಾಳೆ, ಪೆಟ್ಟಿಗೆಗಳ ಏಣೇಣಾದ ರಟ್ಟು, ನೀರು ಹೀರದ ಮೇಣದ ಕಾಗದ, ಒರಟು ಉಪ್ಪುಕಾಗದ ಇವು ಒಳ್ಳೆಯ ಸಂಗ್ರಹ. ಕಚೇರಿಗಳಿಂದ ಒಂದು ಬದಿ ಅಚ್ಚಾದ ಹಾಳೆಗಳನ್ನು ಪೋಷಕರು ಧಾರಾಳವಾಗಿ ತಂದುಕೊಡುತ್ತಾರೆ. ಅಂಗಡಿಯ ರಸೀದಿಗಳನ್ನು ಮಾತ್ರ ತೆಗೆದುಕೊಳ್ಳಬೇಡಿ. ಶಾಖದಿಂದ ಅಚ್ಚಾಗುವ ಆ ಕಾಗದದ ಲೇಪದಲ್ಲಿ ಬಿಸ್ಫಿನಾಲ್ ಜಾತಿಯ ರಾಸಾಯನಿಕಗಳು ಇರುವುದುಂಟು. ಮೊಟ್ಟೆಯ ಪೆಟ್ಟಿಗೆಗಳ ರಟ್ಟೂ, ಮೊಟ್ಟೆಯ ಅಲರ್ಜಿ ಇರುವ ಮಗು ತರಗತಿಯಲ್ಲಿದ್ದರೆ, ಬೇಡ. ಸ್ಟೇಪ್ಲರ್ ಪಿನ್ನುಗಳಿವೆಯೇ ಎಂದು ಪ್ರತಿಯೊಂದು ಕಟ್ಟನ್ನೂ ನೋಡಿಕೊಳ್ಳಬೇಕು. ಮೂರು ವರ್ಷ ತುಂಬದ ಮಕ್ಕಳು ಜೊತೆಯಲ್ಲಿದ್ದರೆ ಸಣ್ಣ ಚೂರುಗಳು ಬಾಯಿಗೆ ಹೋಗದಂತೆ ಹತ್ತಿರದಲ್ಲೇ ಕುಳಿತು ಕಾಯುವ ದೊಡ್ಡವರೊಬ್ಬರು ಇರಲೇಬೇಕು.

ಎಲ್ಲವನ್ನೂ ಒಂದೇ ದಿನ ಮೇಜಿನ ಮೇಲೆ ರಾಶಿ ಹಾಕುವುದು ಸಲ್ಲದು. ಮೊದಲ ಕೆಲವು ದಿನ ಸುದ್ದಿಪತ್ರಿಕೆ ಮತ್ತು ಟಿಶ್ಯೂ ಎರಡೇ ಇರಲಿ. ಕತ್ತರಿ, ಗೋಂದು, ಬಣ್ಣದ ಪೆನ್ಸಿಲ್ ಯಾವುದೂ ಬೇಡ. ಉಪಕರಣ ಕಂಡೊಡನೆ ಮಕ್ಕಳ ಗಮನ ಕಾಗದದಿಂದ ಅದರತ್ತ ಹೊರಳುತ್ತದೆ. ನಾಲ್ಕೈದು ಮಕ್ಕಳ ಗುಂಪು, ಸುಮಾರು ಇಪ್ಪತ್ತು ನಿಮಿಷ, ಪ್ರತಿಯೊಬ್ಬರ ಮುಂದೆ ಒಂದು ತಟ್ಟೆ: ಇದಕ್ಕಿಂತ ದೊಡ್ಡ ಗುಂಪಾದರೆ ಒಬ್ಬ ಶಿಕ್ಷಕಿಯ ಮಾತು ಪ್ರತಿ ಮಗುವಿನ ಕೈಯನ್ನು ಹಿಂಬಾಲಿಸಲಾರದು, ಮತ್ತು ಹಿಂಬಾಲಿಸುವುದೇ ಇಲ್ಲಿನ ಕೆಲಸ.

ಶಿಕ್ಷಕರ ಬಾಯಿಗೆ ಮೊದಲ ಅಭ್ಯಾಸ

ಉಚ್ಚಾರಣೆಯ ವಿಷಯದಲ್ಲಿ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದ ಅನುಕೂಲವೊಂದಿದೆ, ಅದನ್ನು ಬಳಸಿಕೊಳ್ಳದಿರುವುದು ದಡ್ಡತನ. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಿಗೆ ತುಂಬ ಹತ್ತಿರ. ಅಲ್ಲಿನ ಪ, ತ, ಕಗಳಿಗೆ ಇಂಗ್ಲಿಷಿನಲ್ಲಿರುವ ಉಸಿರಿನ ಒತ್ತಿಲ್ಲ. ತ ಮತ್ತು ದ ನಮ್ಮವುಗಳಂತೆಯೇ ಹಲ್ಲಿಗೆ ತಾಗಿ ಹುಟ್ಟುತ್ತವೆ. ಇಂಗ್ಲಿಷ್ ಮಾತನಾಡುವಾಗ ನಾವು ಟ, ಡ ಬಳಸುವ ರೂಢಿಯುಳ್ಳವರಾದ್ದರಿಂದ ಅದೇ ರೂಢಿ ಸ್ಪ್ಯಾನಿಷಿಗೂ ನುಸುಳುತ್ತದೆ. ಕತ್ತರಿಗೆ ‘ತಿಹೇರಸ್’ ಎನ್ನಬೇಕಾದಲ್ಲಿ ‘ಟಿಹೇರಸ್’ ಎಂದುಬಿಡುತ್ತೇವೆ. ಇನ್ನೆರಡು ಅಭ್ಯಾಸಗಳನ್ನೂ ತಿದ್ದಿಕೊಳ್ಳಬೇಕು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸಿ, ಕಾಗದ ಎಂಬ ಅರ್ಥದ ‘ಪಪೇಲ್’ ಅನ್ನು ‘ಪಪೇಲು’ ಎನ್ನುವುದು ಒಂದು. ಸ್ವರದಿಂದ ಶುರುವಾಗುವ ಪದದ ಮುಂದೆ ಯ ಅಥವಾ ವ ಎಳೆದುಕೊಂಡು, ಹಾಳೆ ಎಂಬ ಅರ್ಥದ ‘ಓಹ’ವನ್ನು ‘ವೋಹ’ ಎನ್ನುವುದು ಇನ್ನೊಂದು.

ಈ ಬರಹದಲ್ಲಿ ಒತ್ತು ಬೀಳುವ ಅಕ್ಷರವನ್ನು ದೀರ್ಘಸ್ವರದಿಂದ ಸೂಚಿಸಲಾಗಿದೆ. ‘ಪಪೇಲ್’ ಎಂದರೆ ಎರಡನೆಯ ಅಕ್ಷರದ ಮೇಲೆ ಒತ್ತು. ಸಾಮಾನ್ಯ ನಿಯಮ ಸುಲಭ: ಸ್ವರದಲ್ಲಿ ಅಥವಾ ನ್, ಸ್‌ಗಳಲ್ಲಿ ಮುಗಿಯುವ ಪದಕ್ಕೆ ಕೊನೆಯ ಹಿಂದಿನ ಅಕ್ಷರದ ಮೇಲೆ ಒತ್ತು, ಉಳಿದವಕ್ಕೆ ಕೊನೆಯ ಅಕ್ಷರದ ಮೇಲೆ, ಇದಕ್ಕೆ ಹೊರತಾದಲ್ಲಿ ಬರಹದಲ್ಲೇ ಒತ್ತಿನ ಗೆರೆ ಇರುತ್ತದೆ. ಪದದ ಮೊದಲಲ್ಲಿ ಬರುವ ಮತ್ತು ಜೋಡಿಯಾಗಿ ಬರುವ ರಕಾರವನ್ನು ನಾಲಿಗೆ ಅದುರಿಸಿ ನುಡಿಯಬೇಕು. ಲ್ಯಾಟಿನ್ ಅಮೆರಿಕದ ಉಚ್ಚಾರಣೆಯನ್ನು ಇಲ್ಲಿ ಅನುಸರಿಸಿದೆ, ಏಕೆಂದರೆ ಅಮೆರಿಕದ ತರಗತಿಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಅದೇ.

ಮೊದಲಿಗೆ ಬೇಕಾದ ಕ್ರಿಯಾಪದಗಳು ಇವು: ಹರಿಯಲು ‘ರಸ್ಗಾರ್’, ಮುದುಡಲು ‘ಅರ್ರುಗಾರ್’, ಮಡಚಲು ‘ದೊಬ್ಲಾರ್’, ಕತ್ತರಿಸಲು ‘ಕೊರ್ತಾರ್’, ಅಂಟಿಸಲು ‘ಪೆಗಾರ್’, ನೆನೆಸಲು ‘ಮೊಹಾರ್’. ಇವುಗಳ ರೂಪಗಳನ್ನೆಲ್ಲ ಬಾಯಿಪಾಠ ಮಾಡುವ ಹೊರೆ ಬೇಕಿಲ್ಲ. ‘ಬಾಮೊಸ್ ಅ’ ಎಂಬುದನ್ನು ಮುಂದೆ ಇಟ್ಟರೆ ‘ನಾವು ಮಾಡೋಣ’ ಎಂಬ ಆಹ್ವಾನವಾಗುತ್ತದೆ. ‘ಬಾಮೊಸ್ ಅ ರಸ್ಗಾರ್’ ಎಂದರೆ ಹರಿಯೋಣ. ಒಂದೇ ಮಗುವಿಗೆ ಹೇಳುವಾಗ ‘ರಾಸ್ಗ’, ‘ಅರ್ರೂಗ’, ‘ದೋಬ್ಲ’, ‘ಕೋರ್ತ’, ‘ಪೇಗ’, ‘ಮೋಹ’ ಸಾಕು. ಇವುಗಳ ಜೊತೆಗೆ ಬರುವ ಪುಟ್ಟ ಮಾತುಗಳೇ ತರಗತಿಯನ್ನು ನಡೆಸುವಂಥವು: ನೋಡು ಎಂಬುದಕ್ಕೆ ‘ಮೀರ’, ಕೇಳಿಸಿಕೋ ಎಂಬುದಕ್ಕೆ ‘ಎಸ್ಕೂಚ’, ಹೀಗೆ ಎಂಬುದಕ್ಕೆ ‘ಅಸೀ’, ಇನ್ನೊಮ್ಮೆ ಎಂಬುದಕ್ಕೆ ‘ಓತ್ರ ಬೇಸ್’, ನಿಧಾನವಾಗಿ ಎಂಬುದಕ್ಕೆ ‘ದೆಸ್ಪಾಸಿಯೊ’, ಇನ್ನಷ್ಟು ಎಂಬುದಕ್ಕೆ ‘ಮಾಸ್’, ತಗೋ ಎಂಬುದಕ್ಕೆ ‘ತೋಮ’.

ಮೊದಲ ದಿನಗಳು: ಹರಿಯುವುದು, ಮುದುಡುವುದು

ದೊಡ್ಡವರಿಗೆ ಕಾಗದ ಹರಿಯುವುದು ಕಲಿಯಬೇಕಾದ ಕೆಲಸವೆಂದು ತೋರುವುದೇ ಇಲ್ಲ. ಮೂರುವರೆ ವರ್ಷದ ಮಗುವನ್ನು ಹತ್ತಿರದಿಂದ ಗಮನಿಸಿ. ಅದು ಹಾಳೆಯ ಎರಡು ಅಂಚುಗಳನ್ನು ಮುಷ್ಟಿಯಲ್ಲಿ ಹಿಡಿದು, ಹಗ್ಗ ಜಗ್ಗುವ ಹಾಗೆ ಎರಡು ಬದಿಗೆ ಎಳೆಯುತ್ತದೆ. ಕಾಗದ ಬಿಗಿಯುತ್ತದೆ, ಮುಖ ಕೆಂಪಾಗುತ್ತದೆ, ಹರಿಯುವುದಿಲ್ಲ. ಎರಡೂ ಹೆಬ್ಬೆರಳುಗಳನ್ನು ಅಂಚಿನ ಮೇಲೆ ಪಕ್ಕಪಕ್ಕದಲ್ಲಿ ತಂದು, ಒಂದು ಕೈಯನ್ನು ತನ್ನ ಕಡೆಗೂ ಇನ್ನೊಂದನ್ನು ಆಚೆಗೂ ಸರಿಸಬೇಕೆಂಬುದು ಕೈಗೆ ಹೊಳೆಯಲು ಸಮಯ ಬೇಕು. ಶಿಕ್ಷಕರು ಅಂಚಿನಲ್ಲಿ ಬೆರಳಗಲದ ಒಂದು ಸೀಳು ಮಾಡಿಕೊಟ್ಟು, ತಮ್ಮ ಹಾಳೆಯನ್ನು ಮಗುವಿನ ಕಣ್ಣೆದುರು ನಿಧಾನವಾಗಿ ಹರಿಯುತ್ತಾ ‘ಮೀರ... ಅಸೀ... ರಾಸ್ಗ, ರಾಸ್ಗ, ರಾಸ್ಗ’ ಎಂದು ಹರಿಯುವ ಸದ್ದು ಇರುವಷ್ಟು ಹೊತ್ತೂ ಹೇಳಬೇಕು. ಸದ್ದು ನಿಂತಾಗ ಮಾತೂ ನಿಲ್ಲಬೇಕು. ಈ ಹೊಂದಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು; ಪದ ಯಾವುದಕ್ಕೆ ಸೇರಿದ್ದು ಎಂಬುದನ್ನು ಮಗು ಅದರಿಂದಲೇ ಗುರುತಿಸುತ್ತದೆ.

ಇಲ್ಲಿ ವಾಕ್ಯದ ಕ್ರಮವೂ ನೆರವಿಗೆ ಬರುತ್ತದೆ. ‘ರಾಸ್ಗ ಎಲ್ ಪಪೇಲ್’ ಎಂಬಲ್ಲಿ ಕ್ರಿಯೆ ಮೊದಲು ಬರುವುದರಿಂದ, ಕಾಗದ ಎಂಬ ಪದ ಕಿವಿಗೆ ಮುಟ್ಟುವುದರೊಳಗೆ ಕೈ ಕೆಲಸಕ್ಕೆ ತೊಡಗಿರುತ್ತದೆ. ಕನ್ನಡದಲ್ಲಿ ಯೋಚಿಸಿ ಹೇಳುವ ನಾವು ಕ್ರಿಯಾಪದವನ್ನು ಕೊನೆಗೆ ತಳ್ಳಿ ‘ಪಪೇಲ್ ರಾಸ್ಗ’ ಎಂದುಬಿಡುವ ಅಪಾಯವಿರುವುದರಿಂದ, ಮೂರು ಪದಗಳನ್ನು ಒಂದೇ ಉಸಿರಿನ ತುಂಡಾಗಿ ಮನೆಯಲ್ಲೇ ರೂಢಿಸಿಕೊಂಡು ಬರುವುದು ಒಳ್ಳೆಯದು.

ಸುದ್ದಿಪತ್ರಿಕೆ ಇದಕ್ಕೆ ಹೇಳಿಮಾಡಿಸಿದ ವಸ್ತು. ಯಂತ್ರದಲ್ಲಿ ತಯಾರಾಗುವ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನಲ್ಲಿ ಎಳೆದರೆ ಪಟ್ಟಿ ನೇರವಾಗಿ ಸೀಳಿಬರುತ್ತದೆ, ಅಡ್ಡಕ್ಕೆ ಎಳೆದರೆ ಅಂಕುಡೊಂಕಾಗಿ ಹರಿಯುತ್ತದೆ. ಪತ್ರಿಕೆಯ ಪುಟದಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಸಲೀಸು. ಇದನ್ನು ಮಕ್ಕಳಿಗೆ ಹೇಳಿಕೊಡಬೇಡಿ, ಅವರೇ ಕಂಡುಕೊಳ್ಳಲಿ. ಉದ್ದನೆಯ ಪಟ್ಟಿ ಬಂದ ಮಗುವಿಗೆ ‘ಉನ ತೀರ ಲಾರ್ಗ’, ಅಂದರೆ ಉದ್ದದ ಪಟ್ಟಿ, ಎಂದು ಸಂತೋಷದಿಂದ ಹೇಳಿ; ತುಂಡಾಗಿಹೋಯಿತೇ, ‘ಸೆ ರೊಂಪಿಯೋ’, ಅಂದರೆ ಹರಿದುಹೋಯಿತು, ಎನ್ನಿ. ಏನಾದರೂ ಮುರಿದಾಗ, ಒಡೆದಾಗ, ಹರಿದಾಗ ಎಲ್ಲೆಡೆ ಸಲ್ಲುವ ಮಾತು ಅದಾದ್ದರಿಂದ ಮಕ್ಕಳು ತಾವಾಗಿ ಆಡುವ ಮೊದಲ ಸ್ಪ್ಯಾನಿಷ್ ಮಾತುಗಳಲ್ಲಿ ಅದೂ ಒಂದಾಗುವುದು ಅಚ್ಚರಿಯಲ್ಲ.

ಆ ಮೊದಲ ಕೆಲವು ದಿನ ಕಳೆದ ಮೇಲೆ, ಮುದುಡುವುದಕ್ಕೆ ಟಿಶ್ಯೂ ಮತ್ತು ಡ್ರಾಯಿಂಗ್ ಹಾಳೆ ಎರಡನ್ನೂ ಕೊಟ್ಟು ಹೋಲಿಸಲು ಬಿಡಿ. ಟಿಶ್ಯೂ ಬೆರಳ ತುದಿಯಲ್ಲೇ ಗೋಲಿಯಾಗುತ್ತದೆ, ದಪ್ಪ ಹಾಳೆಗೆ ಎರಡೂ ಅಂಗೈಗಳ ಬಲ ಬೇಕು, ಅದೂ ಬಿಟ್ಟೊಡನೆ ಅರಳಿಕೊಳ್ಳುತ್ತದೆ. ಒಂದಕ್ಕೆ ‘ಅರ್ರೂಗ’ ಎಂದು ಮೆಲ್ಲಗೆ, ಇನ್ನೊಂದಕ್ಕೆ ‘ಫ್ವೇರ್ತೆ, ಫ್ವೇರ್ತೆ’, ಅಂದರೆ ಬಲವಾಗಿ, ಎಂದು ದನಿ ಏರಿಸಿ ಹೇಳಿದರೆ ಇಡೀ ಮೇಜು ಕುಣಿಯುತ್ತದೆ. ಪುಟ್ಟ ಚೆಂಡಿಗೆ ‘ಬೊಲೀತ’ ಎನ್ನುತ್ತಾರೆ. ಅವನ್ನು ಬುಟ್ಟಿಗೆ ಎಸೆಯುತ್ತಾ ‘ಉನ, ದೋಸ್, ತ್ರೇಸ್’ ಎಂದು ಎಣಿಸುವಾಗ ಎಣಿಕೆಗೆ ತಾನಾಗಿಯೇ ಒಂದು ಕಾರಣ ಹುಟ್ಟುತ್ತದೆ.

ಮಕ್ಕಳು ಮರುನುಡಿಯದಿದ್ದರೆ ಗಾಬರಿಯಾಗಬೇಡಿ. ಹೊಸ ಭಾಷೆಯ ನಡುವೆ ಬಂದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಕೇಳುತ್ತಲೇ ಇದ್ದು ಬಾಯಿಬಿಡದಿರುವುದು ಸಹಜ. ‘ಹೇಳು, ಪಪೇಲ್ ಅಂತ ಹೇಳು’ ಎಂದು ಒತ್ತಾಯಿಸಿದರೆ ಆ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ‘ದೋಬ್ಲ’ ಎಂದಾಗ ಮಡಚಿತೇ, ‘ರಾಸ್ಗ’ ಎಂದಾಗ ಹರಿಯಿತೇ ಎಂಬುದಷ್ಟನ್ನೇ ನೋಡಿ, ಮಾಡಿದ್ದೇ ಉತ್ತರ. ಕೆಲವು ದಿನಗಳ ಬಳಿಕ ಶಿಕ್ಷಕರ ಪಾತ್ರವನ್ನು ಮಕ್ಕಳಿಗೇ ಬಿಟ್ಟುಕೊಡುವುದು ಒಳ್ಳೆಯ ಉಪಾಯ. ಒಂದು ಮಗು ಅಪ್ಪಣೆ ಕೊಡುತ್ತದೆ, ಶಿಕ್ಷಕಿ ಮತ್ತು ಉಳಿದವರು ಪಾಲಿಸುತ್ತಾರೆ. ದೊಡ್ಡವರಿಗೆ ಅಪ್ಪಣೆ ಮಾಡುವ ಅವಕಾಶ ಸಿಕ್ಕಿದಾಗ ಬಾಯಿಬಿಡದ ಮಕ್ಕಳು ವಿರಳ.

ಮುಟ್ಟಿ ನೋಡುವುದು ಮತ್ತು ಕೇಳಿ ಪಡೆಯುವುದು

ಕ್ರಿಯೆಗಳು ಕೈಗೆ ಹತ್ತಿದ ಮೇಲೆ ಗುಣವಾಚಕಗಳಿಗೆ ಬರಬಹುದು. ನುಣುಪಿಗೆ ‘ಲೀಸೊ’, ಒರಟಿಗೆ ‘ಆಸ್ಪೆರೊ’, ಮೃದುವಿಗೆ ‘ಸ್ವಾಬೆ’, ದಪ್ಪಕ್ಕೆ ‘ಗ್ರುವೇಸೊ’, ತೆಳುವಿಗೆ ‘ದೆಲ್ಗಾದೊ’. ಬಟ್ಟೆಯ ಚೀಲವೊಂದರಲ್ಲಿ ನಾಲ್ಕು ಬಗೆಯ ತುಂಡುಗಳನ್ನು ಹಾಕಿ, ನೋಡದೆ ಕೈಹಾಕಿ, ಒರಟಾದದ್ದನ್ನು ತೆಗೆಯಲು ಹೇಳುವ ಆಟಕ್ಕೆ ಇವು ಸಾಕು. ಉಪ್ಪುಕಾಗದವನ್ನು ಅತಿ ನಯವಾದ ದರ್ಜೆಯದನ್ನೇ ಆರಿಸಿ, ರಟ್ಟಿಗೆ ಅಂಟಿಸಿ ಕೊಡಿ.

ಲಿಂಗದ ವಿಷಯ ಇಲ್ಲೇ ಎದುರಾಗುತ್ತದೆ. ‘ಪಪೇಲ್’ ಪುಲ್ಲಿಂಗವಾದ್ದರಿಂದ ಕೆಂಪು ಕಾಗದ ‘ಪಪೇಲ್ ರೋಹೊ’. ‘ಓಹ’ ಮತ್ತು ಡ್ರಾಯಿಂಗ್ ಹಾಳೆಯಂಥ ದಪ್ಪ ಕಾಗದದ ಹೆಸರಾದ ‘ಕರ್ತುಲೀನ’ ಸ್ತ್ರೀಲಿಂಗವಾದ್ದರಿಂದ ಅಲ್ಲಿ ‘ರೋಹ’. ಹಳದಿಗೆ ‘ಅಮರೀಯೊ’ ಮತ್ತು ‘ಅಮರೀಯ’. ಹಸಿರಿನ ‘ಬೇರ್ದೆ’ ಮತ್ತು ನೀಲಿಯ ‘ಅಸೂಲ್’ ಬದಲಾಗುವುದಿಲ್ಲ. ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ; ಶಿಕ್ಷಕರು ತಾವು ಸರಿಯಾಗಿ ನುಡಿದರೆ ಆಯಿತು. ಇಂಗ್ಲಿಷಿನ ಹಾಗೆಯೇ ಕನ್ನಡದಲ್ಲೂ ಬಣ್ಣ ವಸ್ತುವಿನ ಮುಂದೆ ಬರುತ್ತದೆ, ಸ್ಪ್ಯಾನಿಷಿನಲ್ಲಿ ಹಿಂದೆ. ಮಗುವೊಂದು ‘ರೆಡ್ ಪಪೇಲ್’ ಎಂದು ಕೈಚಾಚಿದರೆ ಅದನ್ನು ತಪ್ಪೆಂದು ಎತ್ತಿ ಆಡದೆ, ‘ಸೀ, ಪಪೇಲ್ ರೋಹೊ, ತೋಮ’ ಎಂದು ಸರಿಯಾದ ರೂಪವನ್ನು ಉತ್ತರದಲ್ಲೇ ಸೇರಿಸಿ ಕಾಗದವನ್ನು ಕೈಗಿಡಬೇಕು.

ಈ ಹಂತದಲ್ಲಿ ಸಣ್ಣದೊಂದು ವ್ಯವಸ್ಥೆ ದೊಡ್ಡ ಫಲ ಕೊಡುತ್ತದೆ. ಬಣ್ಣದ ಕಾಗದಗಳನ್ನು ಮಕ್ಕಳ ಕೈಗೆ ಸಿಗುವಂತೆ ಹರಡದೆ, ಒಂದು ಮೂಲೆಯಲ್ಲಿ ಕಾಗದದ ಅಂಗಡಿ ಮಾಡಿ. ಅಂಗಡಿಯವರಾಗಿ ಒಬ್ಬರು ಕುಳಿತು ‘ಕೆ ಕಿಯೇರೆಸ್?’, ನಿನಗೇನು ಬೇಕು, ಎಂದು ಕೇಳಲಿ; ‘ಕಿಯೇರೊ ಪಪೇಲ್ ಅಸೂಲ್, ಪೊರ್ ಫಬೋರ್’ (ದಯವಿಟ್ಟು ನನಗೆ ನೀಲಿ ಕಾಗದ ಬೇಕು) ಎಂಬ ಪೂರ್ಣ ವಾಕ್ಯ ಬರಲಿ, ‘ಅಸೂಲ್’ ಎಂಬ ಒಂದೇ ಪದ ಬರಲಿ, ಬೆರಳು ತೋರಿಸಲಿ, ಮೂರಕ್ಕೂ ಕಾಗದ ಸಿಗಬೇಕು. ಭಾಷೆ ಬಾರದ ಕಾರಣಕ್ಕೆ ಯಾವ ಮಗುವೂ ಕಾಗದವಿಲ್ಲದೆ ಹಿಂದಿರುಗಬಾರದು.

ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವರನ್ನು ಎದ್ದು ನಿಲ್ಲಿಸಿ ‘ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ’ ಎಂದು ಕೇಳುವುದು ಗೌರವದಂತೆ ಕಂಡರೂ ನಾಲ್ಕು ವರ್ಷದವರಿಗೆ ಅದು ಪರೀಕ್ಷೆಯೇ. ಅಂಗಡಿಯ ಯಜಮಾನಿಕೆಯನ್ನು ಅವರಿಗೆ ಕೊಡಿ, ಅದರಲ್ಲಿ ಅವರ ಮಾತಿಗೆ ನಿಜವಾದ ಬೆಲೆ ಇರುತ್ತದೆ. ಅವರ ಮನೆಮಾತು ನಿಮ್ಮ ಪುಸ್ತಕದ ಪದಕ್ಕಿಂತ ಬೇರೆಯಾಗಿದ್ದರೆ ಅವರದೇ ಸರಿ. ಟಿಶ್ಯೂ ಕಾಗದಕ್ಕೆ ಮೆಕ್ಸಿಕೊದ ಕುಟುಂಬದವರು ‘ಪಪೇಲ್ ದೆ ಚೀನ’ ಎಂದರೆ ಬೇರೆಡೆಯವರು ‘ಪಪೇಲ್ ದೆ ಸೇದ’ ಎನ್ನಬಹುದು; ಗೋಂದಿಗೆ ‘ಪೆಗಮೇಂತೊ’ ಎಂಬುದು ಎಲ್ಲರಿಗೂ ತಿಳಿಯುತ್ತದೆಯಾದರೂ ಮೆಕ್ಸಿಕೊದಲ್ಲಿ ‘ರೆಸಿಸ್ತೋಲ್’, ಕೊಲಂಬಿಯಾದಲ್ಲಿ ‘ಕೊಲ್ಬೋನ್’ ಎಂದು ತಯಾರಿಕೆಯ ಹೆಸರುಗಳೇ ಬಳಕೆಯಲ್ಲಿವೆ. ಪೋಷಕರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ನೀರು ಸೇರಿದಾಗ

ನನ್ನ ಅಭಿಪ್ರಾಯದಲ್ಲಿ ಕಾಗದದ ಅತ್ಯುತ್ತಮ ಪಾಠಗಳು ನೀರಿನ ಜೊತೆಗೇ ಇವೆ, ಮತ್ತು ಗಲೀಜಾಗುತ್ತದೆಂಬ ಭಯದಿಂದ ಹೆಚ್ಚಿನ ತರಗತಿಗಳು ಬಿಟ್ಟುಬಿಡುವುದೂ ಅವನ್ನೇ. ನೀರಿಗೆ ‘ಆಗ್ವ’. ಒಂದು ತಟ್ಟೆ ನೀರು, ಕಣ್ಣಿಗೆ ಔಷಧಿ ಹಾಕುವಂಥ ಒಂದು ಹನಿಕೊಳವೆ, ನಾಲ್ಕು ಬಗೆಯ ಕಾಗದ. ಹನಿ ಮೇಣದ ಕಾಗದದ ಮೇಲೆ ಮುತ್ತಿನಂತೆ ನಿಲ್ಲುತ್ತದೆ, ಟಿಶ್ಯೂವಿನಲ್ಲಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಹರಡಿಬಿಡುತ್ತದೆ, ರಟ್ಟಿನಲ್ಲಿ ಮೆಲ್ಲಗೆ ಇಂಗುತ್ತದೆ. ಒಣಗಿದ್ದಾಗ ಎಷ್ಟು ಜಗ್ಗಿದರೂ ಬಾರದ ಹಾಳೆ ಒದ್ದೆಯಾದಾಗ ಬೆರಳು ತಾಗಿದರೆ ಹರಿಯುತ್ತದೆ, ಏಕೆಂದರೆ ಕಾಗದದ ನಾರುಗಳನ್ನು ಹಿಡಿದಿಟ್ಟಿರುವ ಬಂಧಗಳನ್ನು ನೀರು ಸಡಿಲಿಸುತ್ತದೆ. ಒಣ ಎಂಬುದಕ್ಕೆ ‘ಸೇಕೊ’, ಒದ್ದೆ ಎಂಬುದಕ್ಕೆ ‘ಮೊಹಾದೊ’. ಈ ಜೋಡಿಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು.

ಬಣ್ಣ ಬಿಡುವ ಜಾತಿಯ ಟಿಶ್ಯೂ ಕಾಗದವೂ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಚೂರುಗಳನ್ನು ಬಿಳಿ ಹಾಳೆಯ ಮೇಲಿಟ್ಟು ಒದ್ದೆ ಮಾಡಿದರೆ ಬಣ್ಣ ಕೆಳಗಿನ ಹಾಳೆಗೆ ಇಳಿಯುತ್ತದೆ. ನೀಲಿ ಮತ್ತು ಹಳದಿ ಒಂದರ ಮೇಲೊಂದು ಬಿದ್ದಲ್ಲಿ ಹಸಿರು ಮೂಡುತ್ತದೆ. ‘ಅಸೂಲ್ ಇ ಅಮರೀಯೊ... ಮೀರ! ಬೇರ್ದೆ!’ ಎಲ್ಲ ಟಿಶ್ಯೂವೂ ಬಣ್ಣ ಬಿಡುವುದಿಲ್ಲವಾದ್ದರಿಂದ ಹಿಂದಿನ ದಿನ ಒಂದು ಚೂರನ್ನು ನೆನೆಸಿ ಪರೀಕ್ಷಿಸಿರಬೇಕು. ಬೆರಳಿನ ಬಣ್ಣ ಸೋಪಿಗೆ ಹೋಗುತ್ತದೆ, ಬಟ್ಟೆಯದು ಹೋಗುತ್ತದೆಂಬ ಭರವಸೆಯಿಲ್ಲ. ಮಕ್ಕಳಿಗೆ ಏಪ್ರನ್ ಕಟ್ಟಿಸಿ.

ಹರಿದು ಗುಡ್ಡೆಯಾದ ಸುದ್ದಿಪತ್ರಿಕೆಯನ್ನು ಎಸೆಯದೆ ಹೊಸ ಕಾಗದ ಮಾಡಬಹುದು. ಉಗುರಿನಷ್ಟು ಚಿಕ್ಕದಾಗಿ ಹರಿದ ಚೂರುಗಳನ್ನು ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ದೊಡ್ಡವರು, ಮಕ್ಕಳಿಂದ ದೂರದಲ್ಲಿ, ಅಡುಗೆಗೆ ಬಳಸದ ಹಳೆಯ ಮಿಕ್ಸಿಯಲ್ಲಿ ಧಾರಾಳ ನೀರು ಸೇರಿಸಿ ತೆಳು ಗಂಜಿಯ ಹದಕ್ಕೆ ರುಬ್ಬಬೇಕು. ಹಳೆಯ ಫೋಟೊ ಚೌಕಟ್ಟಿಗೆ ಕಿಟಕಿಯ ಸೊಳ್ಳೆಪರದೆಯ ಬಲೆಯನ್ನು ಬಿಗಿದರೆ ಜರಡಿ ಸಿದ್ಧ. ಅಗಲ ತೊಟ್ಟಿಯಲ್ಲಿ ಈ ತಿರುಳನ್ನು ಇನ್ನಷ್ಟು ನೀರಿನೊಡನೆ ಕದಡಿ, ಜರಡಿಯನ್ನು ಓರೆಯಾಗಿ ಮುಳುಗಿಸಿ, ಸಮತಟ್ಟಾಗಿ ಮೇಲೆತ್ತಿ, ನೀರು ಸೋರಿದ ಮೇಲೆ ಟವೆಲ್ಲಿನ ಮೇಲೆ ಬೋರಲು ಹಾಕಿ, ಹಿಂಬದಿಯಿಂದ ಸ್ಪಂಜಿನಲ್ಲಿ ಒತ್ತಿ ನೀರು ಹೀರಿಸಿ ಜರಡಿಯನ್ನು ಬಿಡಿಸಬೇಕು. ಒಣಗಲು ಒಂದೆರಡು ದಿನ ಹಿಡಿಯುತ್ತದೆ. ಮಗುವಿನ ಪಾಲಿಗೆ ಇಲ್ಲಿ ಹರಿಯುವುದು, ನೆನೆಸುವುದು, ಕದಡುವುದು, ಒತ್ತುವುದು, ಕಾಯುವುದು ಎಲ್ಲವೂ ಸರಣಿಯಾಗಿ ಬರುವುದರಿಂದ, ‘ಪ್ರಿಮೇರೊ’ ಮೊದಲು, ‘ದೆಸ್ಪುವೇಸ್’ ಆಮೇಲೆ ಎಂಬ ಎರಡು ಪದಗಳನ್ನು ಸೇರಿಸಿದರೆ ಇಡೀ ವಿಧಾನವನ್ನೇ ಕಥೆಯಂತೆ ಹೇಳಬಹುದು. ಉಳಿದ ತಿರುಳನ್ನು ಸಿಂಕಿಗೆ ಸುರಿಯಬೇಡಿ; ಕೊಳವೆ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ ಮುದ್ದೆಯನ್ನು ಕಸಕ್ಕೆ ಹಾಕಿ.

ಕಾಗದದ ಊರುಗಳು

ಸ್ಪ್ಯಾನಿಷ್ ಮಾತನಾಡುವ ನಾಡುಗಳಲ್ಲಿ ಕಾಗದದ್ದೇ ಆದ ಪರಂಪರೆಗಳಿವೆ, ಅವುಗಳಲ್ಲಿ ಎರಡು ಪುಟ್ಟ ಮಕ್ಕಳ ಕೈಗೆ ನಿಲುಕುವಂಥವು. ಮೆಕ್ಸಿಕೊದ ಪುಯೆಬ್ಲಾ ರಾಜ್ಯದ ಸಾನ್ ಸಾಲ್ವಡೋರ್ ಊಯಿಷ್ಕೊಲೋತ್ಲ ಎಂಬ ಊರು ‘ಪಪೇಲ್ ಪಿಕಾದೊ’ಗೆ ಹೆಸರಾದದ್ದು. ಅಲ್ಲಿನ ಕುಶಲಕರ್ಮಿಗಳು ಟಿಶ್ಯೂ ಕಾಗದದ ಹತ್ತಾರು ಹಾಳೆಗಳನ್ನು ಒಟ್ಟಿಗೆ ಜೋಡಿಸಿ ಉಳಿ ಮತ್ತು ಸುತ್ತಿಗೆಯಿಂದ ಚಿತ್ತಾರ ಕೊರೆಯುತ್ತಾರೆ. ತೋರಣದಂತೆ ದಾರಕ್ಕೆ ಅಂಟಿಸಿದ ಆ ಹಾಳೆಗಳು ನವೆಂಬರ್ 1 ಮತ್ತು 2ರಂದು ಅಗಲಿದವರನ್ನು ಸ್ಮರಿಸುವ ಹಬ್ಬದಲ್ಲಿಯೂ ಮದುವೆ ಮುಂತಾದ ಸಂಭ್ರಮಗಳಲ್ಲಿಯೂ ತೂಗುತ್ತವೆ. ಅದೇ ರಾಜ್ಯದ ಬೆಟ್ಟಸಾಲಿನ ಸಾನ್ ಪಬ್ಲೀತೊ ಎಂಬ ಹಳ್ಳಿಯಲ್ಲಿ ಓತೊಮಿ ಜನರು ಮರದ ತೊಗಟೆಯನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನಾರುಗಳನ್ನು ಹಲಗೆಯ ಮೇಲೆ ಹರಡಿ, ಕಲ್ಲಿನಿಂದ ಜಜ್ಜಿ, ಬಿಸಿಲಿಗೆ ಒಣಗಿಸಿ ‘ಅಮಾತೆ’ ಎಂಬ ಕಂದು ಕಾಗದವನ್ನು ಇಂದಿಗೂ ತಯಾರಿಸುತ್ತಾರೆ. ಕಾಗದ ಮಾಡಿ ನೋಡಿದ ಮಕ್ಕಳಿಗೆ ಈ ಜಜ್ಜುವ ಕೆಲಸದ ಚಿತ್ರ ತೋರಿಸಿದರೆ ಅದು ದೂರದ ದೇಶದ ಸುದ್ದಿಯಾಗಿ ಕಾಣುವುದಿಲ್ಲ.

ನಾಲ್ಕು ವರ್ಷದವರಿಗೆ ಉಳಿ ಸಲ್ಲದು. ಟಿಶ್ಯೂ ಹಾಳೆಯನ್ನು ಎರಡು ಸಲ ಮಡಚಿ, ಮಡಿಕೆಯ ಅಂಚಿನಲ್ಲಿ ಮೊಂಡು ತುದಿಯ ಕತ್ತರಿಯಿಂದ ಒಂದೆರಡು ತುಣುಕು ಕತ್ತರಿಸಿ ತೆರೆದರೆ ಸಾಕು. ಮೆತ್ತನೆಯ ಟಿಶ್ಯೂ ಎಳೆಯ ಕೈಗಳ ಕತ್ತರಿಗೆ ಸಿಕ್ಕದೆ ಜಾರುವುದರಿಂದ, ಮೊದಲ ಬಾರಿಗೆ ಗಟ್ಟಿಯಾದ ಹಾಳೆಯಲ್ಲಿ ಮಾಡಿಸುವುದೇ ಲೇಸು. ಅಮೆರಿಕದ ಅಳತೆಯ, ಎಂಟೂವರೆ ಹನ್ನೊಂದು ಇಂಚಿನ ಹಾಳೆಯ ಅರ್ಧ ಮಕ್ಕಳ ಕೈಗೆ ಹದವಾಗಿರುತ್ತದೆ. ‘ದೋಬ್ಲ, ದೋಬ್ಲ, ಕೋರ್ತ, ಆಬ್ರೆ’ ಎಂಬ ನಾಲ್ಕು ಹೆಜ್ಜೆಯ ಲಯಕ್ಕೆ ಕೆಲಸ ನಡೆಯುತ್ತದೆ. ‘ಆಬ್ರೆ’ ಎಂದರೆ ತೆರೆ. ಇದನ್ನು ಹ್ಯಾಲೋವೀನ್ ಅಲಂಕಾರದ ಜೊತೆ ಕಲಸಿಬಿಡಬೇಡಿ, ಮತ್ತು ತರಗತಿಯಲ್ಲಿ ಮೆಕ್ಸಿಕೊದ ಕುಟುಂಬವಿದ್ದರೆ ಅವರ ಮನೆಯಲ್ಲಿ ಈ ಹಬ್ಬ ನಡೆಯುತ್ತದೆಯೇ, ಹೇಗೆ ನಡೆಯುತ್ತದೆ ಎಂದು ಕೇಳದೆ ಮುಂದುವರಿಯಬೇಡಿ. ಮಾವಿನೆಲೆಯ ತೋರಣ ಕಂಡ ಕನ್ನಡದ ಮಗು ಇದ್ದರೆ ಅದೂ ತನ್ನ ಮನೆಬಾಗಿಲಿನ ಸುದ್ದಿ ಹೇಳಲಿ.

ತೋರಣ ಅಂಟಿಸಲು ಮೈದಾ ಸರಿ ಸಾಕು, ಸ್ಪ್ಯಾನಿಷಿನಲ್ಲಿ ಅದಕ್ಕೆ ‘ಎಂಗ್ರೂದೊ’. ಒಂದು ಬಟ್ಟಲು ಮೈದಾವನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಬಟ್ಟಲು ನೀರಿಗೆ ಸುರಿದು, ಗಟ್ಟಿಯಾಗುವವರೆಗೆ ಕೈಯಾಡಿಸಿ ಆರಿಸಿದರೆ ಆಯಿತು. ಗೋಧಿಯ ಅಲರ್ಜಿ ಇರುವ ಮಗುವಿದ್ದರೆ ಮೈದಾದ ಬದಲು ಜೋಳದ ಪಿಷ್ಟ ಬಳಸಿ.

ಮನೆಯವರಿಗೆ ಹೇಳಬೇಕಾದದ್ದು

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಈಗ ಮೂರನೆಯದೂ ಸೇರಿದರೆ ಮಗುವಿಗೆ ಗೊಂದಲವಾಗದೇ ಎಂದು ಕನ್ನಡದ ತಂದೆತಾಯಿಯರು ಕೇಳುವುದುಂಟು. ಒಂದೇ ವಠಾರದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕೇಳುತ್ತಾ ಬೆಳೆದ ಬೆಂಗಳೂರಿನವರಿಗೆ ಈ ಸಂದೇಹ ಬರಬಾರದಿತ್ತು! ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಗೊಂದಲದ ಗುರುತಲ್ಲ, ಕೈಗೆ ಸಿಕ್ಕಿದ ಪದವನ್ನು ಬಳಸಿಕೊಳ್ಳುವ ಜಾಣತನ. ಮನೆಯಲ್ಲಿ ಸ್ಪ್ಯಾನಿಷ್ ಅಭ್ಯಾಸ ಮಾಡಿಸಬೇಕಾಗಿಲ್ಲ, ಅದೇ ಕಾಗದವನ್ನು ಕನ್ನಡದಲ್ಲಿ ಹರಿಯಿರಿ, ಮಡಚಿರಿ, ದೋಣಿ ಮಾಡಿರಿ ಎಂದು ತಿಳಿಸಿ. ಕೆಲಸ ಒಂದೇ ಆಗಿದ್ದಾಗ ಮೂರು ಭಾಷೆಗಳೂ ಒಂದೇ ಗೂಟಕ್ಕೆ ತಾಗಿ ನಿಲ್ಲುತ್ತವೆ.

ಮಕ್ಕಳು ಆಡಿದ ಮಾತುಗಳನ್ನು, ಆಡಿದ ಹಾಗೆಯೇ, ದಿನಾಂಕದೊಡನೆ ಚೀಟಿಯಲ್ಲಿ ಬರೆದು ಅವರವರ ಕಾಗದದ ತುಣುಕಿನ ಪಕ್ಕದಲ್ಲಿ ಅಂಟಿಸಿಡಿ. ಯಾರು ಕೇಳಿ ಮಾಡಿದರು, ಯಾರು ತಾವಾಗಿ ಹೇಳಿದರು, ಯಾರು ಇನ್ನೊಂದು ಮಗುವಿಗೆ ಹೇಳಿಕೊಟ್ಟರು ಎಂಬುದು ಅದರಿಂದ ಗೊತ್ತಾಗುತ್ತದೆ, ಅಂಕಪಟ್ಟಿ ಬೇಕಿಲ್ಲ. ಕೊನೆಯ ಐದು ನಿಮಿಷವನ್ನು ಎತ್ತಿಡುವುದಕ್ಕೆ ಮೀಸಲಿಡಿ. ‘ಬಾಮೊಸ್ ಅ ರೆಕೊಹೇರ್’ ಎಂದು ಕರೆದು, ನೆನೆಯದ ಚೂರುಗಳನ್ನು ಬಗೆಬಗೆಯಾಗಿ ಬೇರೆ ಬೇರೆ ಪೆಟ್ಟಿಗೆಗಳಿಗೆ ಮಕ್ಕಳಿಂದಲೇ ಹಾಕಿಸಿ. ಪೆಟ್ಟಿಗೆಯ ಮೇಲೆ ಪದ ಬರೆಯುವುದರ ಜೊತೆಗೆ ಆಯಾ ಕಾಗದದ ಒಂದು ತುಂಡನ್ನೂ ಅಂಟಿಸಿದ್ದರೆ, ಓದಲು ಬಾರದವರೂ ‘ಕರ್ತೋನ್’ ಅಂದರೆ ರಟ್ಟು ಎಲ್ಲಿಗೆ, ‘ಪೆರಿಯೋದಿಕೊ’ ಅಂದರೆ ಪತ್ರಿಕೆ ಎಲ್ಲಿಗೆ ಎಂದು ತಾವೇ ನೋಡಿಕೊಳ್ಳುತ್ತಾರೆ, ಮತ್ತು ಮರುದಿನದ ಗುಂಪಿಗೆ ಮೇಜು ಸಿದ್ಧವಾಗಿರುತ್ತದೆ.